ಅಪ್ಪನ ಕೆಂಪು ಪುಸ್ತಕದ ಅಡ್ವಾನ್ಸ್ ಬಾಕಿ ಏನು ಮಾಡಲಿ? (ಮಂಡಕ್ಕಿ ಭಟ್ಟಿ, ದಾವಣಗೆರೆ)

ಪ್ರಶ್ನೆ — ಭಟ್ಟಿಮನೆ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ನಮ್ಮದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಅಪ್ಪ ಮೂವತ್ತು ವರ್ಷ ನಡೆಸಿದರು. ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ನಾನೇ ಬಂದೆ.

ಅದಕ್ಕೂ ಮುಂಚೆ ಒಂಬತ್ತು ವರ್ಷ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್‌ಆರ್ ಆಗಿದ್ದೆ. ಮ್ಯಾನೇಜರ್‌ಗಳಿಗೆ ಟ್ರೇನಿಂಗ್ ಕೊಡುವುದು ನನ್ನ ಕೆಲಸ. 1960ರಲ್ಲಿ ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಮೆಕ್‌ಗ್ರೆಗರ್ ಹೇಳಿದ ಎಕ್ಸ್ ಥಿಯರಿ, ವೈ ಥಿಯರಿ ಬಾಯಿಪಾಠ ಆಗಿತ್ತು. ಜನ ಮೈಗಳ್ಳರು, ಹಿಂದೆ ನಿಂತು ದುಡಿಸಬೇಕು ಎಂದು ನಂಬುವ ಮಾಲೀಕ ಒಂದು ಕಡೆ. ಜನರಿಗೆ ಕೆಲಸದ ಮೇಲೆ ಅಕ್ಕರೆ ಇರುತ್ತದೆ, ದಾರಿ ಬಿಟ್ಟರೆ ಸಾಕು ಎಂದು ನಂಬುವವನು ಇನ್ನೊಂದು ಕಡೆ. ಸ್ಲೈಡ್ ಬಹಳ ಚೆನ್ನಾಗಿತ್ತು. ಆ ಸ್ಲೈಡ್ ತೋರಿಸಿದ ವಾರದಲ್ಲೇ ಮೂವತ್ತೊಂದು ಜನರನ್ನು ಹತ್ತತ್ತು ನಿಮಿಷದ ವಿಡಿಯೊ ಕಾಲ್‌ನಲ್ಲಿ ಮನೆಗೆ ಕಳಿಸುವ ಪಟ್ಟಿ ಮಾಡಿದ್ದೂ ನಾನೇ. ಇರಲಿ, ಅದು ಬೇರೆ ಕಥೆ.

ಭಟ್ಟಿಯ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಭತ್ತ ನೆನೆಸಿ, ಬಿಸಿ ಮಾಡಿ, ಬಿಸಿಲಲ್ಲಿ ಒಣಗಿಸಿ, ಅಕ್ಕಿ ಮಾಡಿಸುತ್ತೇವೆ. ಆ ಅಕ್ಕಿಗೆ ಉಪ್ಪುನೀರು ಹಾಕಿ ಕಾದ ಮರಳಿನಲ್ಲಿ ಹುರಿದರೆ ಅರಳುತ್ತದೆ. ಹಗಲು ಆ ಬೆಂಕಿಯ ಮುಂದೆ ನಿಲ್ಲಲು ಆಗುವುದಿಲ್ಲ. ಹಾಗಾಗಿ ರಾತ್ರಿ ಎರಡೂವರೆಗೆ ಒಲೆ ಹಚ್ಚುತ್ತಾರೆ. ನಮ್ಮಲ್ಲಿ ಹದಿನಾಲ್ಕು ಜನ. ಚೀಲದ ಲೆಕ್ಕದಲ್ಲಿ ಕೂಲಿ, ಶನಿವಾರ ಬಟವಾಡೆ.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪನದು ಒಂದು ಕೆಂಪು ಪುಸ್ತಕ ಇದೆ. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ, ಪುಟದ ತುಂಬ ಅಡ್ವಾನ್ಸ್. ದುಗ್ಗಮ್ಮನ ಜಾತ್ರೆಗೆ, ಮಗಳ ಮದುವೆಗೆ, ಆಸ್ಪತ್ರೆಗೆ, ಅಕ್ಕಿಗೆ. ಒಟ್ಟು ಬಾಕಿ 4,12,000 ರೂಪಾಯಿ. ಅಪ್ಪ ಯಾವತ್ತೂ ಒಂದು ಪೈಸೆ ಬಡ್ಡಿ ಹಾಕಿದವರಲ್ಲ. ಅರ್ಧ ರಾತ್ರಿ ಎದ್ದು ಹೆರಿಗೆ ಆಸ್ಪತ್ರೆಗೆ ದುಡ್ಡು ಒಯ್ದು ಕೊಟ್ಟವರು. ಬಟವಾಡೆಯಲ್ಲಿ ವಾರಕ್ಕೆ ಇನ್ನೂರು ಮುರಿದುಕೊಳ್ಳುತ್ತಿದ್ದರು, ಅಷ್ಟೆ. ಒಳ್ಳೆಯ ಯಜಮಾನರು ಎಂದು ಹೆಸರು ಇದೆ. ನಾನೂ ಹಾಗೇ ನಂಬಿಕೊಂಡು ಬೆಳೆದೆ.

ಹೋದ ವಾರ ಹತ್ತಿರದ ಇನ್ನೊಂದು ಭಟ್ಟಿಯವರು ಫೋನ್ ಮಾಡಿದರು. ನಮ್ಮಲ್ಲಿ ಹನ್ನೊಂದು ವರ್ಷದಿಂದ ಹುರಿಯುವ ಕೆಲಸ ಮಾಡುತ್ತಿರುವ ಒಬ್ಬರು ಅಲ್ಲಿಗೆ ಹೋಗಲು ಕೇಳಿದ್ದಾರಂತೆ. "ಅವ್ನ ಬಾಕಿ ಎಷ್ಟೈತೆ ಹೇಳಮ್ಮ. ನಾನು ಕಟ್ತೀನಿ. ಸೋಮವಾರದಿಂದ ಕಳ್ಸು" ಎಂದರು. ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸಂತೆಯಲ್ಲಿ ಎಮ್ಮೆಗೆ ಮಾತಾಡುವಾಗಲೂ ಜನ ಹೀಗೇ ಮರ್ಯಾದೆಯಿಂದ ಮಾತಾಡುತ್ತಾರೆ.

ಪುಸ್ತಕ ತೆಗೆದು ನೋಡಿದೆ. 46,500. ಬಾಯಿಗೆ ಬಂದ ಅಂಕಿಯನ್ನು ಹೇಳಲು ಆಗಲಿಲ್ಲ, ಆಮೇಲೆ ಮಾಡುತ್ತೇನೆ ಎಂದು ಫೋನ್ ಇಟ್ಟೆ.

ಅಪ್ಪನನ್ನು ಕೇಳಿದೆ. "ಅದ್ರಾಗೇನೈತೆ, ಎಲ್ಲಾ ಕಡೆ ನಡ್ಯಾದು ಹಂಗೇ" ಎಂದರು.

ನನ್ನ ಪ್ರಶ್ನೆ ಮೂರು. ಆ ದುಡ್ಡು ತಗೊಳ್ಳಬಹುದಾ? ಬಾಕಿ ಎಲ್ಲಾ ಮನ್ನಾ ಮಾಡಿದರೆ ನಾಳೆ ಭಟ್ಟಿ ಮುಂದೆ ಯಾರಾದರೂ ಉಳಿಯುತ್ತಾರಾ? ಅಡ್ವಾನ್ಸೇ ಕೊಡುವುದಿಲ್ಲ ಎಂದರೆ ಅವರು ಮೀಟರ್ ಬಡ್ಡಿಯವರ ಹತ್ತಿರ ಹೋಗುತ್ತಾರೆ, ಅದು ಇನ್ನೂ ಕೆಟ್ಟದ್ದಲ್ವಾ?

ದಯವಿಟ್ಟು ಸ್ಲೈಡ್ ಮಾತು ಬೇಡ. ಅದು ನನ್ನ ಹತ್ತಿರವೇ ಜಾಸ್ತಿ ಇದೆ.

ಉತ್ತರ — ಚಳ್ಳಕೆರೆ ಎಣ್ಣೆಮಿಲ್ಲು

ಮೇಡಂ, ನಿಮ್ಮ ತಂದೆಯವರದು ಏನೂ ತಪ್ಪಿಲ್ಲ. ಮೊದಲು ಅದನ್ನು ಮನಸ್ಸಿಂದ ತೆಗೆಯಿರಿ.

ನಮ್ಮದು ಶೇಂಗಾ ಎಣ್ಣೆ ಮಿಲ್ಲು. ಪಾಮ್ ಎಣ್ಣೆ ಬಂದ ಮೇಲೆ ಊರಲ್ಲಿ ಎಷ್ಟೋ ಮಿಲ್ಲು ಬಾಗಿಲು ಹಾಕಿದವು. ನಾವು ಹೇಗೋ ಉಳಿದಿದ್ದೇವೆ. ಆರು ವರ್ಷದ ಹಿಂದೆ ನನಗೂ ನಿಮ್ಮ ಥರ ಹುಮ್ಮಸ್ಸು ಬಂದಿತ್ತು. ಐದು ಜನರ ಬಾಕಿ ಮನ್ನಾ ಮಾಡಿದೆ. ಆಯುಧಪೂಜೆಗೆ ಹೊಸ ಬಟ್ಟೆ ಕೊಟ್ಟೆ. ದೀಪಾವಳಿ ಬರುವಷ್ಟರಲ್ಲಿ ಇಬ್ಬರು ಆ ಬಟ್ಟೆ ಹಾಕಿಕೊಂಡೇ ಬೇರೆ ಮಿಲ್ಲಿಗೆ ಹೋದರು. ಸೀಸನ್ ಟೈಮು. ಶೇಂಗಾ ಚೀಲ ಅಂಗಳದಲ್ಲೇ ಕೂತಿತು.

ನಮ್ಮ ಹಳೇ ಗುಮಾಸ್ತರು ಹೇಳುತ್ತಿದ್ದರು, ಬಾಕಿ ಇಲ್ಲದ ಆಳು ಹಗ್ಗ ಇಲ್ಲದ ಎತ್ತು ಅಂತ. ಕೇಳಲು ಒರಟು, ಆದರೆ ವ್ಯಾಪಾರ ನಡೆಯುವುದು ಹೀಗೇ. ಆ ಭಟ್ಟಿಯವರ ದುಡ್ಡು ತಗೊಳ್ಳಿ, ಹೊಸಬರನ್ನು ಹುಡುಕಿ. ನೀವು ಯಾರಿಗೂ ಮೋಸ ಮಾಡುತ್ತಿಲ್ಲ.

ಉತ್ತರ — ಲೆಕ್ಕದ ಪುಸ್ತಕ

ನಾನು ಪಿ.ಜೆ. ಬಡಾವಣೆಯಲ್ಲಿ ಸಣ್ಣ ಘಟಕಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಮೇಲಿನ ಸಾಹುಕಾರರ ಸಲಹೆ ಕೇಳಿ ದುಡ್ಡು ತಗೊಂಡೀರಿ, ಹುಷಾರು.

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಎಂದರೆ ಎಲ್ಲರೂ ಹಳ್ಳಿ ಗೌಡರ ಹೊಲದಲ್ಲಿ ತಲೆಮಾರುಗಟ್ಟಲೆ ದುಡಿಯುವವರನ್ನು ನೆನೆಸಿಕೊಳ್ಳುತ್ತಾರೆ. ಕಾಯ್ದೆಯಲ್ಲಿ ಇರುವುದು ಅಷ್ಟೇ ಅಲ್ಲ. ಮುಂಗಡ ತಗೊಂಡ ಕಾರಣಕ್ಕೆ ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡರೆ ಅದೂ ಜೀತವೇ. ಬಡ್ಡಿ ಇತ್ತಾ ಇಲ್ವಾ, ಯಜಮಾನರು ಒಳ್ಳೆಯವರಾ ಎಂದು ಕಾನೂನು ಕೇಳುವುದಿಲ್ಲ. ಅಂಥ ಸಾಲವನ್ನು ತೀರಿಸುವ ಹೊಣೆಯೇ ಕೆಲಸಗಾರನಿಗೆ ಇಲ್ಲ. ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು. "ಬಾಕಿ ಕಟ್ಟುತ್ತೇನೆ, ಆಳು ಕಳಿಸಿ" ಎಂಬ ಒಂದು ಫೋನ್ ಸಾಕು, ಇಬ್ಬರು ಮಾಲೀಕರೂ ಸಿಕ್ಕಿಬೀಳುತ್ತೀರಿ. ಇನ್ನೊಂದು ವಿಷಯ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆ ಎಂದು ಏಷ್ಯನ್ ಗೇಮ್ಸ್ ಕಟ್ಟಡ ಕೆಲಸಗಾರರ ಕೇಸಿನಲ್ಲಿ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ಚೀಲದ ಲೆಕ್ಕದ ಕೂಲಿ ಆದರೂ ದಿನದ ಕೊನೆಗೆ ಅಷ್ಟು ಕೈಗೆ ಬರಬೇಕು.

ಈಗ ನಿಮಗೆ ನಿದ್ದೆ ಕೆಡಿಸುವ ಲೆಕ್ಕ. ಅವರು ಹನ್ನೊಂದು ವರ್ಷ ದುಡಿದಿದ್ದಾರೆ ಎಂದಿರಿ. ನಿಮ್ಮಲ್ಲಿ ಹತ್ತಕ್ಕಿಂತ ಜಾಸ್ತಿ ಜನ ಇದ್ದಾರೆ. ಹಾಗಿದ್ದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡಬೇಕಾದ ಇಡಿಗಂಟಿನ ಕಾನೂನು ನಿಮಗೆ ಹತ್ತುತ್ತದೆ. ಐದು ವರ್ಷ ದಾಟಿದವರು ತಾವಾಗಿ ಬಿಟ್ಟು ಹೋದರೂ ವರ್ಷಕ್ಕೆ ಹದಿನೈದು ದಿನದ ಕೂಲಿ ಕೊಡಬೇಕು. ಚೀಲದ ಕೂಲಿಯವರಿಗೆ ಕೊನೆಯ ಮೂರು ತಿಂಗಳ ಸರಾಸರಿ ಹಿಡಿಯುತ್ತಾರೆ. ದಿನಕ್ಕೆ ಎಷ್ಟು ಬೀಳುತ್ತದೆ ಹೇಳಿ.

ಭಟ್ಟಿಮನೆ ಮಗಳು

ದಿನಕ್ಕೆ ಸರಾಸರಿ 520.

ಲೆಕ್ಕದ ಪುಸ್ತಕ

15 ದಿನ, 520 ರೂಪಾಯಿ, 11 ವರ್ಷ. 85,800.

ಅವರು ನಿಮಗೆ ಕೊಡಬೇಕಾದ್ದು 46,500 ಎಂದು ಪುಸ್ತಕ ಹೇಳುತ್ತದೆ. ನೀವು ಅವರಿಗೆ ಕೊಡಬೇಕಾದ್ದು 85,800, ಅದು ಯಾವ ಪುಸ್ತಕದಲ್ಲೂ ಇಲ್ಲ. ಬಿಟ್ಟ ಮೂವತ್ತು ದಿನದೊಳಗೆ ಕೊಡಬೇಕು. ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಕೂಡ ಹತ್ತು ಜನರಿಂದಲೇ ಶುರು, ತಿಂಗಳಿಗೆ 21,000ದವರೆಗಿನ ಸಂಬಳದವರಿಗೆ. ನಿಮ್ಮ ಪಾಲು ಶೇ. 3.25, ಅವರದು ಶೇ. 0.75. ಆಸ್ಪತ್ರೆ ಊರಲ್ಲೇ ಇದೆ. ಅಪ್ಪ ಅರ್ಧ ರಾತ್ರಿ ಆಸ್ಪತ್ರೆಗೆ ಒಯ್ದ ದುಡ್ಡಿನಲ್ಲಿ ಅರ್ಧ ಉಳಿಯುತ್ತಿತ್ತು. ಪಿಎಫ್‌ಗೆ ಇಪ್ಪತ್ತು ಜನ ಬೇಕು, ಅದು ನಿಮಗೆ ಕಡ್ಡಾಯ ಅಲ್ಲ.

ಉತ್ತರ — ಎರಡೂವರೆಯ ಮಗ

ನಮ್ಮಪ್ಪ ಭಟ್ಟಿಯಲ್ಲಿ ಹುರಿಯುತ್ತಿದ್ದರು. ನಿಮ್ಮದಲ್ಲ, ಬೇರೆ ಕಡೆ. ನಾನು ಈಗ ಹರಿಹರದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತೇನೆ. ಅಪ್ಪ ಹೋಗಿ ನಾಲ್ಕು ವರ್ಷ ಆಯಿತು. ದಮ್ಮು ಇತ್ತು.

ಚಳ್ಳಕೆರೆ ಸಾಹುಕಾರರೇ, ನೀವು ಎತ್ತು ಎಂದಿರಲ್ಲ, ನಮ್ಮಪ್ಪನಿಗೆ ಅದು ಗೊತ್ತಿತ್ತು. ಅವರು ಮೂರು ಭಟ್ಟಿ ಬದಲಿಸಿದರು. ಮೂರು ಸಲವೂ ಬಾಕಿ ಅವರ ಜೊತೆಗೇ ಬಂತು. ಒಂದು ಭಟ್ಟಿಯಿಂದ ಇನ್ನೊಂದಕ್ಕೆ ಹೋಗುವಾಗ ಇಬ್ಬರು ಯಜಮಾನರು ಚಹಾ ಕುಡಿಯುತ್ತಾ ಲೆಕ್ಕ ಮಾಡುತ್ತಿದ್ದರು. ಅಪ್ಪ ಬಾಗಿಲ ಹತ್ತಿರ ನಿಂತಿರುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡಿದ್ದೆ. ಏಳನೇ ಕ್ಲಾಸು ನಾನಾಗ. ಅಂಕಿ ಎಷ್ಟು ಎಂದು ಅವರನ್ನು ಯಾರೂ ಕೇಳಲಿಲ್ಲ.

ಅಕ್ಕಾರೆ, ಅಡ್ವಾನ್ಸ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನಾನು ಓದಿದ್ದು ಅದರಲ್ಲೇ. ಎರಡು ವಿಷಯ ಮಾತ್ರ ಅಪ್ಪನಿಗೆ ಸುಡುತ್ತಿತ್ತು. ಒಂದು, ಶನಿವಾರ ಬಟವಾಡೆಯಲ್ಲಿ ಎಲ್ಲರ ಎದುರಿಗೆ ಕೇಳಬೇಕಾಗಿದ್ದು. ಎರಡು, ತಮ್ಮ ಬಾಕಿ ಎಷ್ಟು ಎಂದು ಅವರಿಗೇ ಗೊತ್ತಿಲ್ಲದಿದ್ದು. ಪುಸ್ತಕ ಯಜಮಾನರ ಪೆಟ್ಟಿಗೆಯಲ್ಲಿ ಇರುತ್ತಿತ್ತು. ನೀವೂ ಫೋನ್ ಬಂದ ಮೇಲೆ ಪುಸ್ತಕ ನೋಡಿದಿರಿ. ಅವರನ್ನು ಕರೆದು ತೋರಿಸಿದಿರಾ?

ಇನ್ನೊಂದು ಕೆಲಸ ಮಾಡಿ. ಯಾತಕ್ಕೆ ತಗೊಂಡರು ಎಂಬುದು ಬಿಡಿ, ತಾರೀಕು ನೋಡಿ. ಜಾತ್ರೆ, ಮದುವೆ ಎಂದು ಬರೆದಿರುತ್ತದೆ, ಆದರೆ ಅದು ದೊಡ್ಡದಿರುವುದಿಲ್ಲ. ನಮ್ಮನೆಯಲ್ಲಿ ಸಾಲ ಬೆಳೆಯುತ್ತಿದ್ದದ್ದು ಮಳೆಗಾಲದಲ್ಲಿ. ಮೋಡ ಕವಿದರೆ ಭತ್ತ ಒಣಗುವುದಿಲ್ಲ, ಒಲೆ ಹಚ್ಚುವುದಿಲ್ಲ, ಕೂಲಿ ಇಲ್ಲ. ಅಕ್ಕಿ ಅಂಗಡಿಯವರು ಮೋಡ ನೋಡಿ ಬಿಟ್ಟಿ ಕೊಡುತ್ತಾರಾ?

ಉತ್ತರ — ದುರ್ಗದ ನಿವೃತ್ತ ಟೀಚರ್

ಮಗಳೇ, ಅಕ್ಕಿಯ ವಿಷಯ ಬಂತು ಎಂದು ಬರೆಯುತ್ತಿದ್ದೇನೆ. ನಮ್ಮ ಕಡೆ ಅಂಗಡಿ, ಮಿಲ್ಲು, ಕಚೇರಿ ಎಲ್ಲಿ ನೋಡಿದರೂ "ಕಾಯಕವೇ ಕೈಲಾಸ" ಬೋರ್ಡ್ ಇರುತ್ತದೆ. ಓವರ್‌ಟೈಮ್ ದುಡ್ಡು ಕೇಳಿದವರಿಗೆ ಆ ಬೋರ್ಡ್ ತೋರಿಸುವವರನ್ನೂ ನೋಡಿದ್ದೇನೆ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೂ ಕೆಲಸಗಾರರಿಗೇ ಹೇಳುತ್ತಾರೆ, ಆಸೆ ಪಡಬೇಡಿ ಎಂದು. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಒಂದು ದಿನ ಜಾಸ್ತಿ ಆಯ್ದು ತಂದಾಗ ವಾಪಸ್ ಸುರಿದು ಬಾ ಎಂದಳಲ್ಲ, ಆ ಮಾತು ಅವಳು ಹೇಳಿದ್ದು ತನ್ನ ಮನೆಯವನಿಗೆ. ಆಚೆ ಮನೆಯವರಿಗಲ್ಲ. ಕ್ಲಾಸಿನಲ್ಲಿ ಇದನ್ನು ಇಪ್ಪತ್ತೆಂಟು ವರ್ಷ ಹೇಳಿದೆ, ಮಕ್ಕಳು ಪರೀಕ್ಷೆಗೆ ಬೇಕಾದಷ್ಟು ಬರೆದುಕೊಂಡರು.

ಉತ್ತರ — ಚಳ್ಳಕೆರೆ ಎಣ್ಣೆಮಿಲ್ಲು

ಎರಡೂವರೆಯವರೇ, ಆ ಮಾತು ತಪ್ಪಾಯಿತು. ಗುಮಾಸ್ತರ ಮಾತು ಎಂದು ಬರೆದೆ, ಆದರೆ ಬರೆದವನು ನಾನೇ.

ಆದರೂ ಪ್ರಶ್ನೆ ಹಾಗೇ ಇದೆ. ಮಳೆ ಬಂದರೆ ಮಾಲೀಕನಿಗೂ ವ್ಯಾಪಾರ ಇಲ್ಲ. ಗ್ರಾಚ್ಯುಟಿ, ಇಎಸ್‌ಐ ಎಲ್ಲಾ ಲೆಕ್ಕ ಹಾಕಿದರೆ ಮಂಡಕ್ಕಿಯನ್ನು ಯಾವ ರೇಟಿಗೆ ಮಾರುತ್ತೀರಿ? ಪಕ್ಕದವರು ಕಡಿಮೆಗೆ ಕೊಡುತ್ತಾರೆ. ನಿಮ್ಮ ಒಳ್ಳೆಯತನವನ್ನು ಮಿರ್ಚಿ ಅಂಗಡಿಯವರು ಕೊಂಡುಕೊಳ್ಳುತ್ತಾರಾ?

ಎರಡೂವರೆಯ ಮಗ

ಅದೂ ನಿಜ. ತಮಾಷೆಗೆ ಹೇಳುತ್ತೇನೆ, ಕೋಪ ಮಾಡಬೇಡಿ ಅಕ್ಕಾರೆ. ಭಟ್ಟಿಯನ್ನು ಹದಿನಾಲ್ಕು ಜನರ ಸೊಸೈಟಿ ಮಾಡಿಬಿಡಿ. ಬೆಂಗಳೂರಿನ ಇಂಡಿಯಾ ಕಾಫಿ ಹೌಸ್ 1957ರಿಂದ ಕೆಲಸಗಾರರ ಸೊಸೈಟಿಯದೇ ಅಲ್ವಾ.

ಭಟ್ಟಿಮನೆ ಮಗಳು

ಚರ್ಚ್ ಸ್ಟ್ರೀಟ್‌ನ ಆ ಕಾಫಿ ಹೌಸಿನಲ್ಲಿ ಎಷ್ಟು ಭಾನುವಾರ ದೋಸೆ ತಿಂದಿದ್ದೇನೆ! ಬಡಿಸುವವರೇ ಅದರ ಮಾಲೀಕರು ಎಂದು ಯೋಚಿಸಲೇ ಇಲ್ಲ. ಸೊಸೈಟಿ ಮಾಡುವಷ್ಟು ಎದೆ ನನಗಿಲ್ಲ, ಸುಳ್ಳು ಯಾಕೆ ಹೇಳಲಿ. ಭಟ್ಟಿಯ ಮೇಲೆ ಬ್ಯಾಂಕ್ ಸಾಲವೂ ಇದೆ.

ನಿನ್ನೆ ರಾತ್ರಿ ಪುಸ್ತಕ ಹಿಡಿದು ಕೂತೆ. ಮೂರು ವರ್ಷದಲ್ಲಿ ಅಡ್ವಾನ್ಸ್ ಕೊಟ್ಟ ಸಾಲು 61. ಅದರಲ್ಲಿ 38 ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮದುವೆ ಒಂದೊಂದು ಸಲ ದೊಡ್ಡ ಮೊತ್ತ, ಮಳೆಗಾಲದ್ದು ಸಾವಿರ, ಎರಡು ಸಾವಿರ. ಆದರೆ ಕೂಡಿಸಿದರೆ ಅರ್ಧಕ್ಕಿಂತ ಜಾಸ್ತಿ ಬಾಕಿ ಅದೇ. ಒಂದು ಸಾಲಿನಲ್ಲಿ ಅಪ್ಪನ ಅಕ್ಷರದಲ್ಲಿ ಬರೀ "ಮಳೆ" ಎಂದಿದೆ. ನಮ್ಮ ವ್ಯಾಪಾರದ ನಷ್ಟವನ್ನು ನಾವು ಅವರಿಗೆ ಸಾಲವಾಗಿ ಕೊಟ್ಟು, ಒಲೆ ಹಚ್ಚಿದ ಮೇಲೆ ವಾರಕ್ಕೆ ಇನ್ನೂರರಂತೆ ವಸೂಲು ಮಾಡಿದ್ದೇವೆ. ಜೊತೆಗೆ ಒಳ್ಳೆಯವರು ಎಂಬ ಹೆಸರೂ ಬಂದಿದೆ. ಬೆಂಗಳೂರಿನಲ್ಲಿ ಆ ಪಟ್ಟಿ ಮಾಡಿದಾಗಲೂ ನನಗೆ ಇಷ್ಟು ನಾಚಿಕೆ ಆಗಿರಲಿಲ್ಲ.

ಅವರನ್ನು ಕರೆದು ಪುಟ ತೋರಿಸುತ್ತೇನೆ. ಆಮೇಲೆ ಬರೆಯುತ್ತೇನೆ.

ಭಟ್ಟಿಮನೆ ಮಗಳು — ನಾಲ್ಕು ತಿಂಗಳ ನಂತರ

ತಡ ಆಯಿತು. ಎಷ್ಟೋ ಜನ ಮೆಸೇಜ್ ಮಾಡಿ ಕೇಳಿದಿರಿ.

ಆ ಭಟ್ಟಿಯವರಿಗೆ ಫೋನ್ ಮಾಡಿ, ಬಾಕಿಯ ಮಾತು ನಮ್ಮಿಬ್ಬರ ನಡುವೆ ಬೇಡ, ಅವರಿಗೆ ಇಷ್ಟ ಇದ್ದರೆ ಬರುತ್ತಾರೆ ಎಂದೆ. "ಓದಿದ್ದು ಜಾಸ್ತಿ ಆಯ್ತು ನಿಂಗೆ" ಎಂದರು.

ಒಬ್ಬೊಬ್ಬರನ್ನೇ ಕೂರಿಸಿ ಪುಟ ಓದಿ ಹೇಳಿದೆ. ಮಳೆಗಾಲದ ಸಾಲುಗಳನ್ನೆಲ್ಲ ಅವರ ಎದುರಿಗೇ ಹೊಡೆದು ಹಾಕಿದೆ. ಮದುವೆ, ಆಸ್ಪತ್ರೆಯದ್ದು ಸಾಲ ಎಂದೇ ಉಳಿಯಿತು. ಆದರೆ ಕೆಲಸ ಬಿಡುವುದಕ್ಕೂ ಅದಕ್ಕೂ ಸಂಬಂಧ ಇಲ್ಲ ಎಂದು ಚೀಟಿ ಬರೆದು ಕೊಟ್ಟೆ. ಲೆಕ್ಕದ ಪುಸ್ತಕದವರು ಚೀಟಿಯ ಒಕ್ಕಣೆ ನೋಡಿಕೊಟ್ಟರು, ಅವರಿಗೆ ಥ್ಯಾಂಕ್ಸ್. ಎಲ್ಲರಿಗೂ ಒಂದೊಂದು ಸಣ್ಣ ಪುಸ್ತಕ ಮಾಡಿಸಿದೆ. ನಮ್ಮ ಪುಟದಲ್ಲಿ ಇರುವುದು ಅದರಲ್ಲೂ ಇರುತ್ತದೆ. ಅಡ್ವಾನ್ಸ್ ಬೇಕಾದವರು ಬಟವಾಡೆಯಲ್ಲಿ ಕೇಳುವಂತಿಲ್ಲ, ಮಧ್ಯಾಹ್ನ ಮನೆಗೆ ಬರಬಹುದು, ಇಲ್ಲವೇ ಫೋನ್ ಮಾಡಬಹುದು. ಈ ಒಂದು ಬದಲಾವಣೆಗೆ ಖರ್ಚು ಸೊನ್ನೆ. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ.

ಹನ್ನೊಂದು ವರ್ಷದವರು ಹೋದರು. ಅವರ ಪುಟದಲ್ಲಿ ಮಳೆಗಾಲದ್ದು 31,000 ಹೋಗಿ, ಮಗಳ ಮದುವೆಯದು 15,500 ಉಳಿದಿತ್ತು. ಗ್ರಾಚ್ಯುಟಿ 85,800ಕ್ಕೆ ಪತ್ತಿನ ಸಂಘದಲ್ಲಿ ಸಾಲ ತೆಗೆದು ಅವರ ಖಾತೆಗೆ ಹಾಕಿದೆ. ಮಾರನೇ ದಿನ ಸಂಜೆ ಬಂದರು. ಮೇಜಿನ ಮೇಲೆ 15,500 ಎಣಿಸಿ ಇಟ್ಟರು. ಬೇಡ ಎನ್ನುವ ಮಾತು ಬಾಯಿಯವರೆಗೆ ಬಂತು, ತಡೆದುಕೊಂಡೆ. ರಸೀದಿ ಬರೆದು ಕೊಟ್ಟೆ. ಎರಡು ಸಲ ಮಡಚಿ ಜೇಬಿಗೆ ಹಾಕಿಕೊಂಡರು. ಹೊಸ ಭಟ್ಟಿಯಲ್ಲಿ ಅವರಿಗೆ ಹೋದ ದಿನವೇ ಇಪ್ಪತ್ತು ಸಾವಿರ ಅಡ್ವಾನ್ಸ್ ಕೊಟ್ಟಿದ್ದಾರೆ ಎಂದು ಆಮೇಲೆ ಗೊತ್ತಾಯಿತು.

ಅವರ ಹಿಂದೆಯೇ ಇನ್ನೊಬ್ಬರು ಹೋದರು. ಚಳ್ಳಕೆರೆಯವರು ಹೇಳಿದ್ದು ಅಷ್ಟರ ಮಟ್ಟಿಗೆ ನಿಜ ಆಯಿತು. ಒಂದು ತಿಂಗಳು ಒಂದು ಒಲೆ ಹಚ್ಚಲೇ ಇಲ್ಲ. ಈಗ ಹೊಸಬರು ಇಬ್ಬರು ಬಂದಿದ್ದಾರೆ, ಒಬ್ಬರು ಹಳೇ ಬಾಕಿ ಎಷ್ಟು ಕಟ್ಟುತ್ತೀರಿ ಎಂದೇ ಮಾತು ಶುರು ಮಾಡಿದ್ದರು.

ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಎಡಗೈಯಲ್ಲಿ ಚಹಾ ಹಿಡಿದುಕೊಂಡು, "ಮಳಿಗೂ ಪಗಾರ ಕೊಟ್ರೆ ಮಳಿ ನಿಲ್ತೈತೇನು?" ಎಂದರು. ನಗುತ್ತಿದ್ದರಾ, ಬೈಯುತ್ತಿದ್ದರಾ, ಲಕ್ವ ಆದ ಮುಖದಲ್ಲಿ ನನಗೆ ತಿಳಿಯುವುದಿಲ್ಲ.

ಮಳೆಗೆ ಪಗಾರ ಎಂದರೆ ಇಷ್ಟು. ಮೋಡಕ್ಕೆ ಒಲೆ ನಿಂತ ದಿನ ಒಬ್ಬರಿಗೆ 250 ರೂಪಾಯಿ. ಜೂನ್‌ನಲ್ಲಿ ಮೊದಲ ಸಲ ಕೊಟ್ಟೆ. ಜರಡಿ ಹಿಡಿಯುವ ಅಜ್ಜಿ ಒಬ್ಬರಿದ್ದಾರೆ, ದುಡ್ಡು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು. "ಇದ್ನ ಯಾರ ಖಾತೆಗೆ ಬರ್ಕಂತೀಯ ತಾಯಿ?" ಎಂದರು. ಯಾರ ಖಾತೆಗೂ ಇಲ್ಲ ಎಂದೆ. ನಂಬಲಿಲ್ಲ. ಪುಸ್ತಕ ತರಿಸಿ ಪುಟ ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. ಆದರೂ ಕೊನೆಯ ಸಾಲಿನವರೆಗೆ ಬೆರಳಿಟ್ಟು ನೋಡಿದರು.

ಚಳ್ಳಕೆರೆ ಎಣ್ಣೆಮಿಲ್ಲು

ಎಲ್ಲಾ ಓದಿದೆ. ಚೀಲಕ್ಕೆ ಎಷ್ಟು ಬಿತ್ತು ಅದನ್ನು ಹೇಳಿ ಮೇಡಂ.

ಭಟ್ಟಿಮನೆ ಮಗಳು

ಹೋದ ವರ್ಷ ಒಲೆ ನಿಂತದ್ದು 34 ದಿನ. 14 ಜನಕ್ಕೆ 250ರಂತೆ 1,19,000. ಸೀಸನ್‌ನಲ್ಲಿ ಸುಮಾರು 27,000 ಚೀಲ ಹೋಗುತ್ತದೆ. ಚೀಲಕ್ಕೆ ನಾಲ್ಕೂವರೆ ರೂಪಾಯಿ ಹಿಡಿಯಿರಿ. ಅಂಗಡಿಯವರು ಮೂರು ರೂಪಾಯಿ ಜಾಸ್ತಿ ಕೊಡಲು ಒಪ್ಪಿದ್ದಾರೆ, ಇಬ್ಬರು ಮಾತ್ರ ಬಿಟ್ಟು ಹೋದರು. ಒಂದೂವರೆ ನಮ್ಮದು. ಗ್ರಾಚ್ಯುಟಿಗೆ ಇನ್ನೂ ಏನೂ ತೆಗೆದಿಟ್ಟಿಲ್ಲ, ಅದರ ಲೆಕ್ಕ ಬೇರೆ ಕೇಳಬೇಕು.

ಚಳ್ಳಕೆರೆ ಎಣ್ಣೆಮಿಲ್ಲು

ನಾಲ್ಕೂವರೆ. ಆ ಚೀಟಿಯ ಒಕ್ಕಣೆ ಇಲ್ಲಿ ಹಾಕಿ.